ಆಲೆಮನೆಯ ಲೆಕ್ಕವೂ ಒಲೆಯ ಸುಧಾರಣೆಯೂ

ಕಬ್ಬನ್ನು ಬೆಳೆಯುವುದು ಬೇಸಾಯವೆಂದೂ, ಅದನ್ನು ಅರೆದು ಬೆಲ್ಲ ಮಾಡುವುದು ಆ ಬೇಸಾಯದ ಕೊನೆಯ ಕೆಲಸವೆಂದೂ ಈ ನಾಡಿನ ರೈತರು ಬಹುಕಾಲದಿಂದ ಭಾವಿಸುತ್ತ ಬಂದಿದ್ದಾರೆ. ಒಂದು ಕಾಲಕ್ಕೆ ಈ ಭಾವನೆಯು ಸರಿಯಾಗಿಯೇ ಇದ್ದಿತು. ಎತ್ತಿನ ಗಾಣ, ಒಂದು ಕೊಪ್ಪರಿಗೆ, ಮನೆಯ ಆಳುಕಾಳುಗಳು, ನೆರೆಹೊರೆಯವರ ನೆರವು, ಇಷ್ಟರಿಂದಲೇ ಕೆಲಸವು ಸಾಗುತ್ತಿದ್ದಾಗ ಅಲ್ಲಿ ಹಣ ಹೂಡುವ ಪ್ರಶ್ನೆಯು ಹೆಚ್ಚಾಗಿ ಏಳುತ್ತಿರಲಿಲ್ಲ. ಈಗಿನ ಆಲೆಮನೆಯ ಸ್ಥಿತಿಯು ಬೇರೆ. ವಿದ್ಯುಚ್ಛಕ್ತಿಯ ಮೋಟಾರು, ಉಕ್ಕಿನ ಉರುಳೆಗಳ ಗಾಣ, ಕೂಲಿಯವರಿಗೆ ಕೊಡತಕ್ಕ ಮುಂಗಡ, ಸಾಲದ ಬಡ್ಡಿ, ಪೇಟೆಯ ಮಂಡಿಯವರೊಡನೆ ವ್ಯವಹಾರ, ಇವೆಲ್ಲವೂ ಕೂಡಿ ಅದು ಒಂದು ಸಣ್ಣ ಕೈಗಾರಿಕೆಯಾಗಿ ಪರಿಣಮಿಸಿದೆ. ಕೈಗಾರಿಕೆಯನ್ನು ಬರಿಯ ಅಂದಾಜಿನಿಂದ ನಡೆಸಿದಲ್ಲಿ ನಷ್ಟವು ಕಣ್ಣಿಗೆ ಬೀಳದೆ ಬೆಳೆಯುತ್ತದೆ. ಕಣ್ಣಿಗೆ ಬೀಳುವ ಹೊತ್ತಿಗೆ ಜಮೀನಿನ ಮೇಲೆ ಸಾಲವು ಕುಳಿತಿರುತ್ತದೆ.

ಹೀಗೆ ನಷ್ಟವಾದಾಗ ಮಾಲೀಕನಿಗೆ ಮೊದಲು ತೋರುವ ಉಪಾಯವೆಂದರೆ ಮತ್ತೂ ದೊಡ್ಡದೊಂದು ಯಂತ್ರವನ್ನು ತರುವುದು. ಆದರೆ ಬಹುಮಟ್ಟಿನ ಆಲೆಮನೆಗಳಿಗೆ ಪ್ರಕೃತ ಬೇಕಾದುದು ಹೊಸ ಗಾಣವಲ್ಲ. ಹಸನಾದ ಒಲೆ, ಒಣಗಿದ ಸಿಪ್ಪೆ, ಎರಡು ಸಣ್ಣ ಅಳತೆಯ ಸಾಧನಗಳು, ಮತ್ತು ಒಂದು ಲೆಕ್ಕದ ಪುಸ್ತಕ. ಯೋಜನೆಯು ಮುಂದೆ ನಡೆದು ಯಂತ್ರವು ಅದರ ಹಿಂದೆ ಬರಬೇಕು.

ಈ ಕ್ರಮಕ್ಕೆ ಮಂಡ್ಯದ ಸೀಮೆಯೇ ಒಳ್ಳೆಯ ನಿದರ್ಶನ. ಕಾವೇರಿಗೆ ಅಡ್ಡಲಾಗಿ ಕೃಷ್ಣರಾಜಸಾಗರದ ಕಟ್ಟೆಯ ಕೆಲಸವು ೧೯೧೧ರಲ್ಲಿ ಆರಂಭವಾಯಿತು. ಅನಂತರ ನಾಲೆಯ ನೀರು ಬಂದಿತು. ಆ ನೀರಿಗೆ ತಕ್ಕ ಕಬ್ಬಿನ ಬೆಳೆಯು ಹಬ್ಬಿತು. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾಯಿತು. ಕೃಷಿ ಇಲಾಖೆಯ ಡೈರೆಕ್ಟರಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಈ ಕಾರ್ಯದಲ್ಲಿ ಮುಂದಾಗಿದ್ದವರು. ನೀರೆಷ್ಟು, ನೆಲವೆಷ್ಟು, ಕಬ್ಬೆಷ್ಟು ಎಂಬುದು ಗೊತ್ತಾದ ಬಳಿಕವೇ ಅಲ್ಲಿ ಯಂತ್ರವು ನಿಂತಿತು. ದೊಡ್ಡ ಕಾರ್ಖಾನೆಗೆ ಒಪ್ಪುವ ಈ ಕ್ರಮವು ಸಣ್ಣ ಆಲೆಮನೆಗೆ ಒಪ್ಪದೆಂದು ಹೇಳಲು ಕಾರಣವಿಲ್ಲ.

ಕಾರ್ಖಾನೆಗಳಿರುವಾಗ ಆಲೆಮನೆಯು ಏತಕ್ಕೆ ಎಂದು ಕೆಲವರು ಕೇಳಬಹುದು. ಕಬ್ಬು ಮಾಗಿದ ಮೇಲೆ ಬಹಳ ದಿನ ಕಾಯುವ ಬೆಳೆಯಲ್ಲ. ಕಾರ್ಖಾನೆಯ ಕಡಿತದ ಸರದಿಯು ತಡವಾದರೆ ತೂಕವೂ ಸಿಹಿಯೂ ಇಳಿಯುತ್ತವೆ. ಮಂಡ್ಯದ ಕಾರ್ಖಾನೆಯೇ ಕೆಲವು ವರ್ಷಗಳ ಕಾಲ ಅರೆಯುವುದನ್ನು ನಿಲ್ಲಿಸಿದ್ದು ೨೦೨೨ರಲ್ಲಿ ಮತ್ತೆ ಕೆಲಸಕ್ಕೆ ತೊಡಗಿತು. ಅಂತಹ ಕಾಲದಲ್ಲಿ ಊರಿನ ಬಳಿ ಒಂದು ಆಲೆಮನೆಯಿದ್ದರೆ ರೈತನಿಗೆ ಎರಡನೆಯ ಬಾಗಿಲು ತೆರೆದಿರುತ್ತದೆ. ಎರಡು ಬಾಗಿಲುಗಳಿರುವವನು ಬೆಲೆಯನ್ನು ಕೇಳಬಲ್ಲನು. ಒಂದೇ ಬಾಗಿಲಿರುವವನು ಕೊಟ್ಟದ್ದನ್ನು ಕೊಳ್ಳಬೇಕು. ಆದಕಾರಣ ಆಲೆಮನೆಯು ಉಳಿಯುವುದು ಅದರ ಮಾಲೀಕನೊಬ್ಬನ ಹಿತವಲ್ಲ, ಊರಿನ ಹಿತ.

ಆಲೆಮನೆಯ ವೇಗವನ್ನು ಗೊತ್ತುಮಾಡುವುದು ಗಾಣವಲ್ಲ, ಕೊಪ್ಪರಿಗೆ. ಇದು ಮೊದಲು ಮನಸ್ಸಿಗೆ ಬರಬೇಕಾದ ಸಂಗತಿ. ಒಂದು ಕೊಪ್ಪರಿಗೆಯ ಹಾಲು ಪಾಕಕ್ಕೆ ಬರಲು ಮೂರು ಗಂಟೆ ಹಿಡಿಯುವುದಾದರೆ, ಅಷ್ಟು ಹಾಲನ್ನು ಒಂದೇ ಗಂಟೆಯಲ್ಲಿ ಹಿಂಡುವ ದೊಡ್ಡ ಗಾಣವು ಉಳಿದೆರಡು ಗಂಟೆ ಸುಮ್ಮನಿರುತ್ತದೆ, ಇಲ್ಲವೇ ತೊಟ್ಟಿಯನ್ನು ತುಂಬುತ್ತದೆ. ತೊಟ್ಟಿಯಲ್ಲಿ ನಿಂತ ಹಾಲು ಹುಳಿಯಾಗುತ್ತದೆ. ಹುಳಿಯಾದ ಹಾಲಿನ ಬೆಲ್ಲವು ಗಟ್ಟಿಯಾಗುವುದಿಲ್ಲ. ಕಡಿದ ಕಬ್ಬನ್ನು ೨೪ ಗಂಟೆಗಳೊಳಗೆ ಅರೆಯುವುದೂ, ಹಿಂಡಿದ ಹಾಲನ್ನು ಕೂಡಲೇ ಒಲೆಗೆ ಏರಿಸುವುದೂ ಒಳ್ಳೆಯದು. ಹಳ್ಳಿಗಳಲ್ಲಿ ಮೂರು ಫೇಸಿನ ವಿದ್ಯುತ್ತು ದಿನದ ಕೆಲವು ಗಂಟೆಗಳು ಮಾತ್ರ ದೊರೆಯುವುದಾದ್ದರಿಂದ, ಗಾಣ, ಕೊಪ್ಪರಿಗೆ, ವಿದ್ಯುತ್ತು ಈ ಮೂರರ ಹೊತ್ತುಗಳನ್ನು ಮೊದಲು ಕಾಗದದ ಮೇಲೆ ಹೊಂದಿಸಿಕೊಂಡು, ಆಮೇಲೆ ಮೋಟಾರಿನ ಗಾತ್ರವನ್ನು ನಿಶ್ಚಯಿಸತಕ್ಕದ್ದು.

ಇದ್ದ ಗಾಣದಿಂದಲೇ ಎಷ್ಟು ಹಾಲು ಬರುತ್ತದೆಂಬುದನ್ನು ತೂಗಿ ನೋಡಿದವರು ಕಡಮೆ. ನೂರು ಕಿಲೋಗ್ರಾಂ ಕಬ್ಬನ್ನು ತೂಗಿ, ಅರೆದು, ಬಂದ ಹಾಲನ್ನು ತೂಗಿದರೆ ಪರೀಕ್ಷೆಯು ಮುಗಿಯಿತು. ಹಾಲು ೬೦ ಕಿಲೋಗ್ರಾಂ ಬರುತ್ತಿದ್ದು, ಉರುಳೆಗಳ ಸಂದನ್ನು ಸರಿಮಾಡಿ ಸವೆದ ಹಲ್ಲುಗಳನ್ನು ಕಡೆಯಿಸಿದ ಮೇಲೆ ೬೫ ಬಂದಿತೆಂದು ಇಟ್ಟುಕೊಳ್ಳೋಣ. ಹಾಲಿನಲ್ಲಿ ನೂರಕ್ಕೆ ೧೮ ಭಾಗ ಘನಪದಾರ್ಥವಿದ್ದರೆ, ಒಂದು ಟನ್ನು ಕಬ್ಬಿಗೆ ೯ ಕಿಲೋಗ್ರಾಂ ಹೆಚ್ಚಾಯಿತು. ದಿನಕ್ಕೆ ೫ ಟನ್ನು ಅರೆಯುವ ಆಲೆಮನೆಯಲ್ಲಿ ಇದು ೪೫ ಕಿಲೋಗ್ರಾಂ. ೧೫೦ ದಿನಗಳ ಹಂಗಾಮಿನಲ್ಲಿ ೬೭ ಕ್ವಿಂಟಾಲಿಗೆ ಮೇಲ್ಪಟ್ಟದ್ದು. ನೊರೆ ಮಡ್ಡಿಗಳಲ್ಲಿ ಸ್ವಲ್ಪ ಹೋದರೂ ಉಳಿದ ಬೆಲ್ಲವು ಕಮ್ಮಾರನ ಕೂಲಿಯನ್ನು ಎಷ್ಟೋ ಪಾಲು ಮೀರುತ್ತದೆ. ಇಷ್ಟು ಬೆಲ್ಲವು ಈಗ ಸಿಪ್ಪೆಯೊಡನೆ ಒಲೆಗೆ ಹೋಗುತ್ತಿದೆ.

ಒಲೆಯ ವಿಚಾರವು ಇನ್ನೂ ಮುಖ್ಯವಾದುದು. ಗಾಣದಿಂದ ಹೊರಬಿದ್ದ ಸಿಪ್ಪೆಯಲ್ಲಿ ಸುಮಾರು ಅರ್ಧ ಪಾಲು ನೀರೇ ಇರುತ್ತದೆ. ಅದನ್ನು ಹಸಿಯಾಗಿಯೇ ಉರಿಗೆ ಹಾಕಿದರೆ ಬೆಂಕಿಯು ಮೊದಲು ಆ ನೀರನ್ನು ಒಣಗಿಸಬೇಕು, ಆಮೇಲೆ ಕೊಪ್ಪರಿಗೆಯನ್ನು ಕಾಯಿಸಬೇಕು. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಮಳೆಗೆ ಸಿಕ್ಕದಂತೆ ಚಪ್ಪರದ ಕೆಳಗೆ ಕೂಡಿಟ್ಟ ಸಿಪ್ಪೆಯು ಅದೇ ಕೆಲಸವನ್ನು ಬಹು ಕಡಮೆ ತೂಕದಿಂದ ಮಾಡುತ್ತದೆ. ಒಂಟಿ ಕೊಪ್ಪರಿಗೆಯ ಹಳೆಯ ಒಲೆಯಲ್ಲಿ ಶಾಖದ ಹೆಚ್ಚಿನ ಪಾಲು ಹೊಗೆಯ ಕೊಳವೆಯಿಂದ ಆಕಾಶಕ್ಕೆ ಹೋಗುತ್ತದೆ. ಆ ಬಿಸಿಗಾಳಿಯ ದಾರಿಯಲ್ಲಿಯೇ ಎರಡನೆಯ ಕೊಪ್ಪರಿಗೆಯನ್ನಿಟ್ಟರೆ ಮುಂದಿನ ಹಾಲು ಅದರಲ್ಲಿ ತಾನೇ ಬಿಸಿಯಾಗಿ ಸಿದ್ಧವಾಗುತ್ತದೆ. ಬೂದಿಯು ಕೆಳಗೆ ಬೀಳಲು ಕಬ್ಬಿಣದ ಜಾಲರಿ, ಗಾಳಿಯಾಡಲು ಕೆಳಗೆ ದಾರಿ, ತಕ್ಕಷ್ಟು ಎತ್ತರದ ಹೊಗೆಗೂಡು, ಇವುಗಳಿಂದ ಉರಿಯು ಸ್ವಚ್ಛವಾಗುತ್ತದೆ, ಹೊಗೆಯು ಕಡಮೆಯಾಗುತ್ತದೆ.

ಸಿಪ್ಪೆಯು ಸಾಲದೆಂದು ಕೆಲವೆಡೆ ಹಳೆಯ ಟೈರುಗಳನ್ನೂ ಪ್ಲಾಸ್ಟಿಕ್ಕಿನ ಕಸವನ್ನೂ ಸುಡುವ ಪದ್ಧತಿಯು ಹಬ್ಬಿದೆ. ಇದು ಖಂಡಿತವಾಗಿ ನಿಲ್ಲಬೇಕಾದುದು. ಆ ಹೊಗೆಯು ಉರಿ ಹಾಕುವ ಆಳಿನ ಶ್ವಾಸಕೋಶಗಳಿಗೆ ಹೋಗುತ್ತದೆ. ತೆರೆದ ಕೊಪ್ಪರಿಗೆಯ ಮೇಲೆ ಮಸಿಯಾಗಿ ಇಳಿಯುತ್ತದೆ. ಊರಿನ ಮಕ್ಕಳು ಉಸಿರಾಡುವ ಗಾಳಿಯನ್ನು ಕೆಡಿಸುತ್ತದೆ. ಒಲೆಯು ನೆಟ್ಟಗಿದ್ದು ಸಿಪ್ಪೆಯು ಒಣಗಿದ್ದಲ್ಲಿ ಕಬ್ಬು ತನ್ನನ್ನು ತಾನೇ ಕಾಯಿಸಿಕೊಳ್ಳಲು ಸಾಕಾಗುವಷ್ಟು ಸೌದೆಯನ್ನು ಕೊಡುತ್ತದೆ. ಟೈರನ್ನು ಕೊಳ್ಳುವವನು ತನ್ನ ಒಲೆಯ ದೋಷಕ್ಕೆ ದಂಡ ತೆರುತ್ತಿದ್ದಾನೆಂದೇ ತಿಳಿಯಬೇಕು.

ಪಾಕವನ್ನು ನೋಡುವ ಅನುಭವಿಗಳು ತಣ್ಣೀರಿನಲ್ಲಿ ಒಂದು ಹನಿಯನ್ನು ಬಿಟ್ಟು, ಬೆರಳಿನಿಂದ ಉರುಳಿಸಿ, ಹದವನ್ನು ಹೇಳಬಲ್ಲರು. ಈ ವಿದ್ಯೆಯು ಗೌರವಕ್ಕೆ ಪಾತ್ರವಾದುದು. ಹಾಗಿದ್ದಾಗ್ಯೂ ಅದು ಒಬ್ಬನ ಕೈಯಲ್ಲಿರುವ ವಿದ್ಯೆ. ಆತನು ಹಂಗಾಮಿನ ನಡುವೆ ಬೇರೆ ಕಡೆಗೆ ಹೋದರೆ ಹದವೂ ಆತನೊಡನೆ ಹೋಗುತ್ತದೆ. ಗಟ್ಟಿ ಅಚ್ಚಿನ ಬೆಲ್ಲಕ್ಕೆ ಪಾಕವು ಸುಮಾರು ೧೧೮ರಿಂದ ೧೨೦ ಸೆಂಟಿಗ್ರೇಡ್ ಡಿಗ್ರಿಯಲ್ಲಿಯೂ, ಜೋನಿ ಬೆಲ್ಲಕ್ಕೆ ೧೦೫ರಿಂದ ೧೦೬ ಡಿಗ್ರಿಯಲ್ಲಿಯೂ ಇಳಿಸತಕ್ಕದ್ದು. ಒಂದು ಉಷ್ಣಮಾಪಕವಿದ್ದರೆ ಈ ಜ್ಞಾನವು ಮನೆಯಲ್ಲಿಯೇ ಉಳಿಯುತ್ತದೆ. ಹಾಗೆಯೇ ಹೊಲದಲ್ಲಿ ಕಬ್ಬಿನ ಸಿಹಿಯನ್ನು ಅಳೆಯುವ ಕೈ ಬ್ರಿಕ್ಸ್ ಮಾಪಕವಿದ್ದರೆ ಕಬ್ಬು ಮಾಗಿದೆಯೇ ಎಂಬುದು ಕಡಿಯುವುದಕ್ಕೆ ಮೊದಲೇ ತಿಳಿಯುತ್ತದೆ. ೨೦ರ ಸುಮಾರಿಗೆ ಬಂದ ಕಬ್ಬು ಅರೆಯಲು ಯೋಗ್ಯ. ಕೊಯ್ಲಿಗೆ ಸಮೀಪದಲ್ಲಿ ಯೂರಿಯಾ ಹಾಕಿದ ಕಬ್ಬಿನ ಬೆಲ್ಲವು ಮೆತ್ತಗಾಗುವುದರಿಂದ ಬೆಲ್ಲದ ಗುಣವು ಹೊಲದಲ್ಲಿಯೇ ಆರಂಭವಾಗುತ್ತದೆಂಬುದನ್ನೂ ಮರೆಯಬಾರದು.

ಬಣ್ಣದ ಮೋಹವು ಬೆಲ್ಲದ ಹೆಸರನ್ನು ಕೆಡಿಸುತ್ತಿರುವ ಇನ್ನೊಂದು ವಿಷಯ. ಬಿಳಿದಾಗಿ ಕಾಣುವ ಅಚ್ಚಿಗೆ ಮಂಡಿಯಲ್ಲಿ ಹೆಚ್ಚು ಬೆಲೆಯೆಂದು ಹೈಡ್ರೋಸ್ ಎಂಬ ರಾಸಾಯನಿಕವನ್ನು ಮಿತಿಮೀರಿ ಹಾಕುವವರಿದ್ದಾರೆ. ಅದರಿಂದ ಬರುವ ಬಣ್ಣವು ನಿಲ್ಲುವುದಿಲ್ಲ; ಗಂಧಕದ ಶೇಷವು ಮಾತ್ರ ನಿಲ್ಲುತ್ತದೆ. ಅಗ್ಗದ ಸಕ್ಕರೆಯನ್ನು ಹಾಲಿಗೆ ಬೆರೆಸುವವರೂ ಇಲ್ಲದಿಲ್ಲ. ತಿಳಿಯಾದ ಸುಣ್ಣದ ನೀರು ತಕ್ಕ ಪ್ರಮಾಣದಲ್ಲಿಯೂ, ಬೆಂಡೆಗಿಡದ ಲೋಳೆಯೂ ಇದ್ದರೆ ಮಡ್ಡಿಯು ಮೇಲೆದ್ದು ಬರುತ್ತದೆ. ಅದನ್ನು ಬೇಸರವಿಲ್ಲದೆ ತೆಗೆದರೆ ಸಹಜವಾದ ಹೊಂಬಣ್ಣವು ತಾನಾಗಿ ದೊರೆಯುತ್ತದೆ. ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು ಸಣ್ಣ ತಯಾರಕರಿಗೂ ಅನ್ವಯಿಸುತ್ತದೆ. ಒಂದು ಊರಿನ ನಾಲ್ಕು ಆಲೆಮನೆಗಳು ಕಲಬೆರಕೆ ಮಾಡಿದರೆ ಸೀಮೆಯ ನಾನೂರು ಆಲೆಮನೆಗಳ ಬೆಲ್ಲಕ್ಕೆ ಬೆಲೆ ಇಳಿಯುತ್ತದೆ. ಹೆಸರೆಂಬುದು ಎಲ್ಲರೂ ಕೂಡಿ ಇಟ್ಟ ಠೇವಣಿ. ಅದನ್ನು ಒಬ್ಬನು ತೆಗೆದು ಖರ್ಚುಮಾಡಲಾಗದು.

ಇನ್ನು ಹಂಗಾಮಿನ ಯೋಜನೆ. ದಿನಕ್ಕೆ ೫ ಟನ್ನಿನಂತೆ ೧೫೦ ದಿನ ನಡೆಯುವ ಆಲೆಮನೆಗೆ ೭೫೦ ಟನ್ನು ಕಬ್ಬು ಬೇಕು. ಎಕರೆಗೆ ೪೦ ಟನ್ನಿನ ಇಳುವರಿಯನ್ನು ಹಿಡಿದರೆ ಸುಮಾರು ೧೯ ಎಕರೆ. ನಾಲ್ಕು ಎಕರೆಯ ಕಬ್ಬಿರುವವನು ಒಬ್ಬನೇ ಆಲೆಮನೆಯನ್ನು ಹೂಡಿದರೆ ಯಂತ್ರವು ವರ್ಷದ ಹೆಚ್ಚು ಪಾಲು ತುಕ್ಕು ಹಿಡಿಯುತ್ತದೆ, ಬಡ್ಡಿಯು ಮಾತ್ರ ವಿಶ್ರಾಂತಿಯಿಲ್ಲದೆ ಓಡುತ್ತದೆ. ಆದ್ದರಿಂದ ಐದಾರು ಮನೆಯವರು ಕೂಡಿ, ಯಾರು ಯಾವ ತಿಂಗಳಿನಲ್ಲಿ ನೆಡುವುದು, ಯಾರ ಹೊಲವು ಯಾವಾಗ ಮಾಗುವುದು ಎಂಬುದನ್ನು ನಾಟಿಯ ಕಾಲದಲ್ಲಿಯೇ ಬರೆದಿಟ್ಟುಕೊಳ್ಳಬೇಕು. ಎಲ್ಲರ ಕಬ್ಬೂ ಒಂದೇ ತಿಂಗಳಿನಲ್ಲಿ ಮಾಗಿದರೆ ಅರ್ಧವು ಹೊಲದಲ್ಲಿ ಒಣಗುತ್ತದೆ. ನಾಲೆಯ ನೀರಿನ ಸರದಿಯನ್ನು ನೋಡಿಕೊಂಡು, ಬೇಗ ಮಾಗುವ ತಳಿಯನ್ನೂ ತಡವಾಗಿ ಮಾಗುವ ತಳಿಯನ್ನೂ ಹಂಚಿ ನೆಟ್ಟರೆ ಗಾಣವು ಎಡೆಬಿಡದೆ ನಡೆಯುತ್ತದೆ. ತಳಿಗಳ ವಿಷಯದಲ್ಲಿಯೂ ಬೆಲ್ಲದ ತಯಾರಿಕೆಯ ವಿಷಯದಲ್ಲಿಯೂ ಮಂಡ್ಯದ ವಿ. ಸಿ. ಫಾರಂನ ಸಂಶೋಧನಾ ಕೇಂದ್ರದ ಸಲಹೆಯನ್ನು ಪಡೆಯಬಹುದು.

ಲೆಕ್ಕದ ಪುಸ್ತಕದಲ್ಲಿ ಮುಖ್ಯವಾಗಿ ಇರತಕ್ಕ ಕಲಮುಗಳು ಕೆಲವೇ: ದಿನ ಒಂದಕ್ಕೆ ಅರೆದ ಕಬ್ಬಿನ ತೂಕ, ಬಂದ ಬೆಲ್ಲದ ತೂಕ, ಕೂಲಿ, ವಿದ್ಯುತ್ತು, ಕೊಂಡ ಸೌದೆ, ಮಾರಾಟದ ಧಾರಣೆ. ಸಾಮಾನ್ಯವಾಗಿ ಒಂದು ಟನ್ನು ಕಬ್ಬಿಗೆ ೧೦೦ ಕಿಲೋಗ್ರಾಮಿಗೆ ಕಡಮೆಯಿಲ್ಲದೆ ಬೆಲ್ಲವು ಬರಬೇಕು; ಬಾರದಿದ್ದ ದಿನದ ಕಾರಣವನ್ನು ಅಂದೇ ಹುಡುಕಬೇಕು. ಬಹುತೇಕ ಮಾಲೀಕರು ತಮ್ಮ ಸ್ವಂತ ಕಬ್ಬಿಗೆ ಬೆಲೆಯನ್ನೇ ಹಾಕುವುದಿಲ್ಲ. ಅದನ್ನು ಕಾರ್ಖಾನೆಗೆ ಕೊಟ್ಟಿದ್ದರೆ ಬರುತ್ತಿದ್ದ ಹಣವನ್ನು ಖರ್ಚಿನ ಕಡೆ ಬರೆಯತಕ್ಕದ್ದು. ಮನೆಮಂದಿಯ ದುಡಿಮೆಗೂ ಕೂಲಿಯನ್ನು ಬರೆಯಬೇಕು. ಯಂತ್ರದ ಸವಕಳಿಗೆಂದು ವರ್ಷವರ್ಷವೂ ಸ್ವಲ್ಪ ಹಣವನ್ನು ತೆಗೆದಿಡಬೇಕು. ಇಷ್ಟನ್ನೂ ಕಳೆದ ಮೇಲೆ ಉಳಿದದ್ದೇ ಲಾಭ. ಇವನ್ನು ಬರೆಯದೆ ಕಂಡ ಲಾಭವು ತನ್ನ ಹೊಲವನ್ನೇ ತಿಂದು ಬಂದ ಹೊಟ್ಟೆತುಂಬಿಕೆ.

ಸಾಲದ ವಿಷಯದಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮಂಡಿಯವರಿಂದ ಮುಂಗಡವನ್ನು ತಂದವನು ಬೆಲ್ಲವನ್ನು ಅವರಿಗೇ, ಅವರು ಹೇಳಿದ ಹೊತ್ತಿಗೇ ಕೊಡಬೇಕಾಗುತ್ತದೆ; ಆ ಹಣದ ನಿಜವಾದ ಬಡ್ಡಿಯು ಧಾರಣೆಯಲ್ಲಿ ಅಡಗಿರುತ್ತದೆ. ಎರಡನೆಯದು ಸಹಾಯಧನದ ಆಸೆ. ಸಣ್ಣ ಆಹಾರ ಸಂಸ್ಕರಣ ಘಟಕಗಳಿಗಾಗಿ ಕೇಂದ್ರ ಸರ್ಕಾರವು ೨೦೨೦ರಲ್ಲಿ ಆರಂಭಿಸಿದ ಯೋಜನೆಯು ವೆಚ್ಚದಲ್ಲಿ ನೂರಕ್ಕೆ ೩೫ ಭಾಗವನ್ನು, ೧೦ ಲಕ್ಷ ರೂಪಾಯಿಗಳ ಮಿತಿಗೆ ಒಳಪಟ್ಟು, ಬ್ಯಾಂಕಿನ ಸಾಲಕ್ಕೆ ಜೋಡಿಸಿ ಕೊಡುವ ಏರ್ಪಾಡನ್ನು ಮಾಡಿತು. ಅದರಲ್ಲಿ ಮಂಡ್ಯ ಜಿಲ್ಲೆಗೆ ಗೊತ್ತುಮಾಡಿದ ಉತ್ಪನ್ನವು ಬೆಲ್ಲವೇ. ಇಂತಹ ನೆರವನ್ನು ಪಡೆಯುವುದು ಯುಕ್ತ. ಆದರೆ ನೂರರಲ್ಲಿ ೩೫ ಭಾಗವು ಸಹಾಯಧನವಾದರೆ ಮಿಕ್ಕ ೬೫ ಭಾಗವು ತನ್ನದೇ ಹೊಣೆಯೆಂಬುದನ್ನು ಅರ್ಜಿ ಬರೆಯುವ ಮೊದಲು ನೆನೆಯತಕ್ಕದ್ದು. ಬೇಡವಾದ ಯಂತ್ರವು ಕಡಮೆ ಬೆಲೆಗೆ ಬಂದರೂ ಬೇಡವಾದುದೇ.

ಮಾರಾಟಕ್ಕೂ ಮುಂದಾಲೋಚನೆಯು ಬೇಕು. ಎಲ್ಲ ಆಲೆಮನೆಗಳೂ ಉರಿಯುತ್ತಿರುವ ತಿಂಗಳಿನಲ್ಲಿ ಧಾರಣೆಯು ಇಳಿಯುವುದು ಸ್ವಾಭಾವಿಕ. ತೇವವನ್ನು ಹೀರಿಕೊಳ್ಳುವುದು ಬೆಲ್ಲದ ಗುಣವಾದ್ದರಿಂದ ಅದನ್ನು ಚೆನ್ನಾಗಿ ಆರಿಸಿ, ಗಾಳಿಯಾಡದಂತೆ ಕಟ್ಟಿ, ನೆಲದಿಂದ ಎತ್ತರದಲ್ಲಿ ಒಣ ಕೋಣೆಯಲ್ಲಿಟ್ಟರೆ ಮಾತ್ರ ಮಳೆಗಾಲವನ್ನು ದಾಟುತ್ತದೆ. ಪುಡಿಬೆಲ್ಲವನ್ನು ಮಾಡಿ ತೇವವನ್ನು ನೂರಕ್ಕೆ ಎರಡು ಭಾಗಕ್ಕಿಂತ ಕೆಳಗಿಳಿಸಿದರೆ ಅದು ಇನ್ನೂ ಹೆಚ್ಚು ಕಾಲ ಕೆಡದೆ ನಿಲ್ಲುತ್ತದೆ. ಮೊದಲ ವರ್ಷದಲ್ಲಿ ಒಟ್ಟು ಬೆಲ್ಲದ ಒಂದು ಸಣ್ಣ ಪಾಲನ್ನು ಮಾತ್ರ ಹೀಗೆ ಪ್ರಯತ್ನಿಸಿ, ಕೊಳ್ಳುವವರು ಖಚಿತವಾದ ಮೇಲೆ ಹೆಚ್ಚಿಸುವುದು ಜಾಣತನ.

ಊರಿನ ಮುಖಂಡರೂ ಜಮೀನುದಾರರೂ ಈ ಕಾರ್ಯದಲ್ಲಿ ಮುಂದಾಗಬೇಕಾದುದಕ್ಕೆ ಕಾರಣವಿದೆ. ಸಣ್ಣ ಹಿಡುವಳಿದಾರನು ಹೊಸದನ್ನು ಕೇಳಿ ನಂಬುವುದಿಲ್ಲ. ದೊಡ್ಡ ಮನೆಯ ಅಂಗಳದಲ್ಲಿ ಕಂಡು ನಂಬುತ್ತಾನೆ. ಈ ಹಂಗಾಮಿಗೆ ಮುಂಚೆ ಪ್ರತಿಯೊಂದು ಊರಿನಲ್ಲಿಯೂ ಒಂದೇ ಒಂದು ಆಲೆಮನೆಯ ಒಲೆಯು ದುರಸ್ತಾಗಿ, ಒಂದೇ ಒಂದು ಪುಸ್ತಕವು ದಿನದಿನವೂ ಬರೆಯಲ್ಪಟ್ಟರೆ, ಮುಂದಿನ ಯುಗಾದಿಯ ಹೊತ್ತಿಗೆ ಹೊಸ ಗಾಣವು ಬೇಕೋ ಬೇಡವೋ ಎಂಬ ಪ್ರಶ್ನೆಗೆ ಆ ಪುಸ್ತಕವೇ ಉತ್ತರವನ್ನು ಹೇಳುತ್ತದೆ. ಆ ಉತ್ತರವು ಬರುವ ತನಕ ಕೈಯಲ್ಲಿರುವ ಹಣವನ್ನು ಕೈಯಲ್ಲಿಯೇ ಇಟ್ಟುಕೊಳ್ಳುವುದು ಲೇಸು.