ಭೂಸಂರಕ್ಷಣೆಯ ಸಮ್ಮೇಳನವೂ ಊರು ಬಿಟ್ಟ ನಾವೂ

ಮಣ್ಣು ಮತ್ತು ಸಾಗುವಳಿ ಭೂಮಿಯ ಸಂರಕ್ಷಣೆಗೆಂದು ಸಭೆ ಸೇರುವುದು ನಮ್ಮ ದೇಶಕ್ಕೆ ಹೊಸದಲ್ಲ. 2019ರ ಸೆಪ್ಟೆಂಬರಿನಲ್ಲಿ ದಿಲ್ಲಿಗೆ ಸಮೀಪದ ಗ್ರೇಟರ್ ನೋಯ್ಡಾದಲ್ಲಿ, ಭೂಮಿ ಬರಡಾಗುವುದನ್ನು ತಡೆಯುವ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳ ಪ್ರತಿನಿಧಿಗಳು ಕೂಡಿದ್ದರು. 2030ರೊಳಗೆ 260 ಲಕ್ಷ ಹೆಕ್ಟೇರ್ ಕೆಟ್ಟ ಭೂಮಿಯನ್ನು ಮತ್ತೆ ಹಸನು ಮಾಡುವುದಾಗಿ ಭಾರತದ ಪ್ರಧಾನಮಂತ್ರಿಗಳು ಅಲ್ಲಿ ಸಾರಿದರು. ಅದು ಜಗತ್ತಿನ ಸಭೆ. ಅದಕ್ಕಿಂತ ಚಿಕ್ಕವಾದ, ನಾಲ್ಕಾರು ಜಿಲ್ಲೆಗಳನ್ನು ಕೂಡಿಸಿಕೊಂಡ ಪ್ರಾದೇಶಿಕ ಸಮ್ಮೇಳನಗಳೂ ಆಗಾಗ ನಡೆಯುತ್ತವೆ. ಅಧಿಕಾರಿಗಳು ಬರುತ್ತಾರೆ, ಕೃಷಿ ಪಂಡಿತರು ಬರುತ್ತಾರೆ, ಊರಲ್ಲಿ ಉಳಿದ ರೈತರಲ್ಲಿ ಕೆಲವರೂ ಬರುತ್ತಾರೆ. ಠರಾವುಗಳು ಪಾಸಾಗುತ್ತವೆ.

ಆದರೆ ಅಂಥ ಸಭೆಯಲ್ಲಿ ಒಬ್ಬನು ಮಾತ್ರ ಕಾಣುವುದಿಲ್ಲ. ಅವನ ಹೆಸರು ಊರಿನ ಪಹಣಿಯಲ್ಲಿದೆ. ಅವನು ಮಾತ್ರ ಮುಂಬಯಿಯ ಹೋಟೆಲಿನ ಅಡಿಗೆಮನೆಯಲ್ಲಿದ್ದಾನೆ, ಪುಣೆಯ ಕ್ಯಾಂಟೀನಿನಲ್ಲಿದ್ದಾನೆ, ಇಲ್ಲವೆ ಗಿರಣಿ ಮುಚ್ಚಿದ ಮೇಲೆ ಸಿಕ್ಕ ವಾಚ್‌ಮನ್ ಕೆಲಸದಲ್ಲಿದ್ದಾನೆ. ಎರಡೆಕರೆ, ಮೂರೆಕರೆ, ಅಣ್ಣತಮ್ಮಂದಿರ ನಡುವೆ ಹಂಚದೆ ಉಳಿದ ಒಂದು ತುಂಡು ಹೊಲ — ಇಷ್ಟು ಅವನ ಆಸ್ತಿ. ಆ ಹೊಲದ ಮಣ್ಣಿನ ಬಗ್ಗೆ ಅವನನ್ನು ಯಾರೂ ಕೇಳುವುದಿಲ್ಲ. ನಿಜ ಹೇಳುವುದಾದರೆ ಅವನೂ ವಿಚಾರಿಸುವುದಿಲ್ಲ. ಅವನೆಂದರೆ ನಾವೇ. ಮಣ್ಣಿನ ಸಮ್ಮೇಳನದಲ್ಲಿ ನಮಗೂ ಒಂದು ಜಾಗವಿರಬೇಕು, ಆ ಜಾಗಕ್ಕೆ ತಕ್ಕ ಹೊಣೆಯನ್ನು ನಾವೂ ಹೊರಬೇಕು ಎಂಬುದೇ ಈ ಲೇಖನದ ಅಭಿಪ್ರಾಯ.

ಊರು ಬಿಟ್ಟವರಿಗೆ ಊರಿನ ಮಣ್ಣಿನ ಚಿಂತೆಯೇಕೆಂದು ಕೆಲವರು ಕೇಳಬಹುದು. ಅವರು ಎರಡು ಸಂಗತಿಗಳನ್ನು ನೆನೆಯಲಿ. 1982ರ ಜನವರಿ 18ರಂದು ಮುಂಬಯಿಯ ಗಿರಣಿಗಳಲ್ಲಿ ದೊಡ್ಡ ಮುಷ್ಕರ ಆರಂಭವಾಯಿತು. ಎರಡು ಲಕ್ಷಕ್ಕೂ ಹೆಚ್ಚು ಜನರ ಕೆಲಸ ನಿಂತಿತು. ಅನೇಕರಿಗೆ ಮತ್ತೆ ಕೆಲಸ ಸಿಗಲೇ ಇಲ್ಲ. ಆಗ ಒಲೆ ಹೊತ್ತಿಸಲು ದಾರಿ ಕಾಣದ ಸಂಸಾರಗಳು ಊರಿನ ಬಸ್ಸು ಹತ್ತಿದವು. 2020ರ ಮಾರ್ಚ್ ತಿಂಗಳಲ್ಲಿ ರೋಗದ ಭಯದಿಂದ ದೇಶಕ್ಕೆಲ್ಲ ಬೀಗ ಬಿದ್ದಾಗ ಹೋಟೆಲುಗಳು ಮುಚ್ಚಿದವು. ಆಗಲೂ ನಾವು ಹೋದದ್ದು ಊರಿಗೇ. ಎರಡು ಸಲವೂ ನಮಗೆ ಹಿಡಿ ಜೋಳ, ಹಿಡಿ ಅಕ್ಕಿ ಕೊಟ್ಟು ಇಟ್ಟುಕೊಂಡದ್ದು ಆ ತುಂಡು ಹೊಲ. ಹೋಟೆಲ್ ಕಾರ್ಮಿಕರಲ್ಲಿ ಎಷ್ಟು ಮಂದಿಗೆ ಪ್ರಾವಿಡೆಂಟ್ ಫಂಡು ಸರಿಯಾಗಿ ಜಮೆಯಾಗುತ್ತದೆಂಬುದು ನಮಗೆಲ್ಲರಿಗೂ ತಿಳಿದ ವಿಷಯ. ಹೀಗಿರಲು, ಆ ಹೊಲವೇ ನಮ್ಮ ಪ್ರಾವಿಡೆಂಟ್ ಫಂಡು. ಅದು ಮಳೆಗಾಲ ಮಳೆಗಾಲಕ್ಕೂ ತೊಳೆದುಹೋಗುತ್ತಿದ್ದರೆ ನಾವು ಸುಮ್ಮನಿರಬಹುದೆ?

ತೊಳೆದುಹೋಗುವ ಲೆಕ್ಕವನ್ನು ಪಂಡಿತರು ಮಾಡಿದ್ದಾರೆ. ಡೆಹರಾಡೂನಿನ ಭೂಸಂರಕ್ಷಣಾ ಸಂಶೋಧಕರು 1983ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದ ನೆಲದಿಂದ ವರ್ಷಕ್ಕೆ ಸರಾಸರಿ ಹೆಕ್ಟೇರಿಗೆ 16.4 ಟನ್ ಮಣ್ಣು ಕೊಚ್ಚಿಹೋಗುತ್ತದೆ. ಎಕರೆಗೆ ಸುಮಾರು ಆರೂವರೆ ಟನ್. ಹೋಟೆಲಿನಲ್ಲಿ ಐವತ್ತು ಕಿಲೋ ಅಕ್ಕಿಮೂಟೆ ಹೊತ್ತವರಿಗೆ ಇದು ಬೇಗ ಅರ್ಥವಾಗುತ್ತದೆ: ಎಕರೆಯೊಂದರಿಂದ ವರ್ಷಕ್ಕೆ 130 ಮೂಟೆ ಮಣ್ಣು! ಹಾಗೆ ಹೋದುದರಲ್ಲಿ ನೂರಕ್ಕೆ 29 ಪಾಲು ಸಮುದ್ರ ಸೇರುತ್ತದೆ, 10 ಪಾಲು ಜಲಾಶಯಗಳಲ್ಲಿ ಹೂಳಾಗಿ ಕೂರುತ್ತದೆ, ಉಳಿದುದು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುತ್ತದೆ ಎಂದು ಅದೇ ಲೆಕ್ಕ ಹೇಳುತ್ತದೆ. ಹೂಳಿನ ಪರಿಣಾಮ ನೋಡಬೇಕಾದರೆ ತುಂಗಭದ್ರಾ ಜಲಾಶಯ ಸಾಕು. 133 ಟಿಎಂಸಿ ನೀರು ಹಿಡಿಯಲೆಂದು ಕಟ್ಟಿದ ಅದರ ಸಾಮರ್ಥ್ಯ 2016ರ ಅಳತೆಯಲ್ಲಿ ಸುಮಾರು 105 ಟಿಎಂಸಿಗೆ ಇಳಿದಿತ್ತು. ಮೇಲಿನ ಹೊಲದವನು ಕಳೆದುಕೊಂಡ ಮಣ್ಣು ಕೆಳಗಿನ ಹೊಲದವನ ನೀರನ್ನೂ ಕಳೆಯಿತು. ಎರಡು ಮೂರು ಸೆಂಟಿಮೀಟರ್ ಮಣ್ಣು ಹುಟ್ಟಲು ಸಾವಿರ ವರ್ಷದವರೆಗೂ ಬೇಕಾದೀತೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಹೇಳುತ್ತದೆ. ಹೋದ ಸಂಬಳ ಮುಂದಿನ ತಿಂಗಳು ಬಂದೀತು. ಹೋದ ಮಣ್ಣು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬಾರದು.

ನಮ್ಮಲ್ಲಿ ಅನೇಕರು ವಿಜಯಪುರ, ಕಲಬುರ್ಗಿ, ಸೊಲ್ಲಾಪುರದ ಕಡೆಯವರು. ಡೋಣಿ ಸಾಲು ಬೆಳೆದರೆ ಓಣಿಯೆಲ್ಲ ಜೋಳ ಎಂದು ಆ ಕಡೆ ಹೇಳುವುದುಂಟು. ಅಂಥ ಎರೆ ಭೂಮಿ ಅದು. ಆದರೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಹಿಂಗಾರಿ ಜೋಳವನ್ನು ಬಿತ್ತುವುದು ಮಳೆಗಾಲ ಮುಗಿಯುತ್ತ ಬಂದಾಗ. ಅಲ್ಲಿಯವರೆಗೆ ಹೊಲ ಬರಿದಾಗಿ ಬಿದ್ದಿರುತ್ತದೆ. ಬರಿ ನೆಲದ ಮೇಲೆ ರಭಸದ ಮಳೆ ಹೊಡೆದರೆ ಮಣ್ಣಿನ ಕಣ ಬಿಡಿಸಿಕೊಂಡು ನೀರಿನ ಜೊತೆ ಹೊರಡುತ್ತದೆ. ಅದನ್ನು ನಿಲ್ಲಿಸುವುದು ಒಡ್ಡು. ಒಡ್ಡಿನ ಗುಟ್ಟು ಇಷ್ಟೆ: ಓಡುವ ನೀರನ್ನು ನಡೆಯುವಂತೆ ಮಾಡುವುದು, ನಡೆಯುವ ನೀರನ್ನು ನಿಲ್ಲುವಂತೆ ಮಾಡುವುದು, ನಿಂತ ನೀರನ್ನು ನೆಲದೊಳಗೆ ಇಳಿಸುವುದು. ಹೆಚ್ಚಾದ ನೀರು ಹೋಗಲು ಕಲ್ಲು ಕಟ್ಟಿದ ಕೋಡಿಯೊಂದು ಬೇಕು.

ಈಗ ನಮ್ಮ ಗೈರುಹಾಜರಿಯ ಮಾತಿಗೆ ಬರೋಣ. ಇಳಿಜಾರಿನ ಮೇಲ್ತುದಿಯಲ್ಲಿ ನಮ್ಮ ಹೊಲ ಬೀಳು ಬಿದ್ದಿದೆ. ಕೋಡಿಯ ಕಲ್ಲು ಜಾರಿದೆ, ಒಡ್ಡಿಗೆ ಇಲಿ ಬಿಲ ಕೊರೆದಿದೆ. ನೋಡುವವರಿಲ್ಲ. ಒಂದು ರಾತ್ರಿಯ ದೊಡ್ಡ ಮಳೆಗೆ ಒಡ್ಡು ಒಡೆಯುತ್ತದೆ. ಅಲ್ಲಿ ನಿಂತಿದ್ದ ನೀರೆಲ್ಲ ಒಂದೇ ಕಿಂಡಿಯಲ್ಲಿ ನುಗ್ಗಿ ಕೆಳಗಿನವನ ಒಡ್ಡನ್ನು ಒಡೆಯುತ್ತದೆ. ಅದರ ಕೆಳಗಿನವನದನ್ನೂ ಒಡೆಯುತ್ತದೆ. ನಾಲ್ಕು ಮಳೆಗಾಲದಲ್ಲಿ ಅಲ್ಲಿ ಹಳ್ಳ ಬೀಳುತ್ತದೆ. ಊರಲ್ಲೇ ಉಳಿದು, ಸಾಲ ಮಾಡಿ ಬಿತ್ತಿದವನು ನಮ್ಮ ಅಲಕ್ಷ್ಯದ ದಂಡ ತೆರುತ್ತಾನೆ. ಪಟ್ಟಣದಲ್ಲಿ ಮಾಲಿಕರ ಅಲಕ್ಷ್ಯವನ್ನು ಖಂಡಿಸುವ ನಾವು ಊರಿನಲ್ಲಿ ಸಣ್ಣ ಮಾಲಿಕರಾಗಿ ಅದೇ ಅಲಕ್ಷ್ಯ ಮಾಡುವುದು ನ್ಯಾಯವಲ್ಲ.

ಕರಾವಳಿಯಿಂದ ಬಂದ ಬಂಧುಗಳು ಇದು ಬಯಲುಸೀಮೆಯ ಕಥೆಯೆಂದು ತಿಳಿಯಬಾರದು. ಉಡುಪಿ, ಕುಂದಾಪುರದ ಕಡೆ ಮಳೆ ಇದರ ಆರು ಪಾಲಿಗಿಂತಲೂ ಹೆಚ್ಚು. ಅಲ್ಲಿ ಗುಡ್ಡದ ಮಗ್ಗುಲಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ ಕಟ್ಟಿದ ಹಿರಿಯರು ನೀರನ್ನು ಗದ್ದೆಯಿಂದ ಗದ್ದೆಗೆ ಇಳಿಸಿ ಮಣ್ಣನ್ನು ಉಳಿಸಿದರು. ಗದ್ದೆಯಲ್ಲಿ ನಿಂತ ನೀರೇ ಇಂಗಿ ಬೇಸಗೆಯಲ್ಲಿ ಬಾವಿಗೆ ಬರುತ್ತಿತ್ತು. ದುಡಿಯುವ ಕೈ ಮುಂಬಯಿಗೆ ಬಂದ ಮೇಲೆ ಗದ್ದೆ ಹಡಿಲು ಬಿತ್ತು, ಅಂಚು ಕುಸಿಯಿತು. ಉಡುಪಿಯ ಕಡೆ 2021ರಲ್ಲಿ ಹಡಿಲು ಗದ್ದೆಗಳಲ್ಲಿ ಮತ್ತೆ ಭತ್ತ ಬೆಳೆಯುವ ಚಳವಳಿ ನಡೆದು ನೂರಾರು ಎಕರೆ ಹಸುರಾಯಿತು. ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಹಾಗಾದರೆ ಹೊಲವನ್ನು ಬೀಳು ಬಿಡುವ ಬದಲು ನೆರೆಯವನಿಗೆ ಏಕೆ ಕೊಡುವುದಿಲ್ಲ? ಇಲ್ಲಿ ನಮ್ಮ ಮನಸ್ಸಿನ ಒಳಗಿರುವ ಭಯವನ್ನು ಬಾಯಿಬಿಟ್ಟು ಹೇಳಬೇಕು. ಕರ್ನಾಟಕದ 1961ರ ಭೂಸುಧಾರಣಾ ಕಾಯಿದೆಗೆ 1974ರಲ್ಲಿ ಬಂದ ತಿದ್ದುಪಡಿ ಉಳುವವನಿಗೆ ಒಡೆತನ ಕೊಟ್ಟಿತು. ಸೈನಿಕರು, ನಾವಿಕರಂಥ ಕೆಲವರನ್ನು ಬಿಟ್ಟು ಉಳಿದವರು ಗೇಣಿಗೆ ಕೊಡುವುದನ್ನು ನಿಷೇಧಿಸಿತು. ಅದು ಮಹತ್ವದ ಕಾಯಿದೆ. ನಮ್ಮಲ್ಲಿ ಎಷ್ಟೋ ಮಂದಿಯ ತಂದೆ, ತಾತಂದಿರು ಗೇಣಿದಾರರಾಗಿದ್ದು ಅದರಿಂದಲೇ ಒಡೆಯರಾದರು. ಅದನ್ನು ನಾವು ಹಳಿಯಲಾರೆವು. ಆದರೆ ಆ ಗೇಣಿದಾರನ ಮಗನು ಇಂದು ಹೋಟೆಲಿನಲ್ಲಿ ದುಡಿಯುತ್ತ, ತನ್ನ ಒಂದೂವರೆ ಎಕರೆಯನ್ನು ಇನ್ನೊಬ್ಬನ ಕೈಗೆ ಕೊಟ್ಟರೆ ಕಳೆದುಕೊಂಡೇನೆಂದು ಅಂಜುತ್ತಾನೆ. ಅಂಜಿ ಬೀಳು ಬಿಡುತ್ತಾನೆ. ಇಲ್ಲವೆ ವರ್ಷಕ್ಕೊಬ್ಬರಂತೆ ಬಾಯಿಮಾತಿನಲ್ಲಿ ಪಾಲಿಗೆ ಕೊಡುತ್ತಾನೆ. ಮುಂದಿನ ವರ್ಷ ಈ ಹೊಲ ತನ್ನ ಕೈಯಲ್ಲಿರುವುದೇ ಇಲ್ಲವೇ ಎಂದು ತಿಳಿಯದವನು ಒಡ್ಡಿಗೆ ಮಣ್ಣು ಹಾಕುತ್ತಾನೆಯೆ? ಗೊಬ್ಬರ ಹಾಕುತ್ತಾನೆಯೆ? ಅವನನ್ನು ದೂರುವಂತಿಲ್ಲ. ಇಬ್ಬರ ಅಂಜಿಕೆಯ ನಡುವೆ ಮಣ್ಣು ಹೋಗುತ್ತಿದೆ.

2016ರಲ್ಲಿ ನೀತಿ ಆಯೋಗದ ತಜ್ಞರ ಸಮಿತಿಯೊಂದು ಮಾದರಿ ಗೇಣಿ ಕಾಯಿದೆಯನ್ನು ರಚಿಸಿ ರಾಜ್ಯಗಳ ಮುಂದಿಟ್ಟಿತು. ಒಡೆಯನ ಹಕ್ಕು ಅಳಿಯದಂತೆ, ಉಳುವವನಿಗೆ ಬ್ಯಾಂಕಿನ ಸಾಲ, ಬೆಳೆವಿಮೆ ಸಿಗುವಂತೆ ಬರಹದ ಕರಾರು ಇರಲಿ ಎಂಬುದು ಅದರ ಸಾರ. ದೊಡ್ಡ ಕಂಪೆನಿಗಳು ಈ ಬಾಗಿಲಿನಿಂದ ಊರೊಳಗೆ ನುಗ್ಗಬಹುದೆಂಬ ಶಂಕೆ ನಮಗೂ ಇದೆ. 2020ರ ತಿದ್ದುಪಡಿಯಲ್ಲಿ, ವ್ಯವಸಾಯಗಾರರಲ್ಲದವರು ಕೃಷಿಭೂಮಿ ಕೊಳ್ಳಬಾರದೆಂಬ ಕಟ್ಟುಗಳನ್ನು ಕರ್ನಾಟಕ ತೆಗೆದಾಗಲೂ ಇದೇ ಶಂಕೆ ಹುಟ್ಟಿತ್ತು. ಆದುದರಿಂದ ನಮ್ಮ ಬೇಡಿಕೆ ಮಿತವಾದುದು: ಸಣ್ಣ ಹಿಡುವಳಿಯ ವಲಸೆ ಕಾರ್ಮಿಕನು ತನ್ನ ಊರಿನ ಸಣ್ಣ ರೈತನಿಗೋ ಭೂಮಿಯಿಲ್ಲದ ಕೂಲಿಯವನಿಗೋ ಐದಾರು ವರ್ಷದ ಬರಹದ ಕರಾರಿನ ಮೇಲೆ ಕೊಡಲು ಅವಕಾಶವಿರಲಿ, ಒಡ್ಡು, ಕೋಡಿ ಕಾಪಾಡುವುದು ಆ ಕರಾರಿನ ಮೊದಲ ಷರತ್ತಾಗಿರಲಿ, ಅದಕ್ಕಾದ ಖರ್ಚು ಗೇಣಿಯಲ್ಲಿ ವಜಾ ಆಗಲಿ.

ಈ ಪ್ರಶ್ನೆಯನ್ನು ಎತ್ತಲು ಪ್ರಾದೇಶಿಕ ಸಮ್ಮೇಳನವೇ ತಕ್ಕ ಸ್ಥಳ. ಪ್ರದೇಶ ಎಂಬ ಮಾತಿಗೆ ಮಣ್ಣಿನ ವಿಷಯದಲ್ಲಿ ನಿಜವಾದ ಅರ್ಥವಿದೆ. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆ ಸೊಲ್ಲಾಪುರ, ಬಿಜಾಪುರ, ರಾಯಚೂರು, ಬಳ್ಳಾರಿಯ ಬಳಿಯ ಹಗರಿ, ದೂರದ ರೋಹ್ತಕ್ ಹೀಗೆ ಐದು ಕೇಂದ್ರಗಳು ತೆರೆದವು. ರಾಯಚೂರು ನಿಜಾಮರ ರಾಜ್ಯ, ಹಗರಿ ಮದ್ರಾಸು ಪ್ರಾಂತ್ಯ, ಬಿಜಾಪುರ, ಸೊಲ್ಲಾಪುರ ಮುಂಬಯಿ ಪ್ರಾಂತ್ಯ. ಆಳುವವರು ಬೇರೆಯಾದರೂ ಪ್ರಶ್ನೆ ಒಂದೇ ಆಗಿತ್ತು. 1942ರಲ್ಲಿ ಮುಂಬಯಿ ಪ್ರಾಂತ್ಯ ಭೂಸುಧಾರಣಾ ಯೋಜನೆಗಳ ಕಾಯಿದೆ ಮಾಡಿ, ಒಬ್ಬೊಬ್ಬರ ಹೊಲದ ಬದಲು ಇಡೀ ಪ್ರದೇಶವನ್ನೇ ಒಂದು ಯೋಜನೆಯಾಗಿ ಹಿಡಿಯಿತು. 1956ರ ನವೆಂಬರ್ 1ರಂದು ಬಿಜಾಪುರ ಮೈಸೂರು ರಾಜ್ಯಕ್ಕೆ ಬಂತು, ಸೊಲ್ಲಾಪುರ ಮುಂಬಯಿಯಲ್ಲಿ ಉಳಿಯಿತು. ಭೀಮೆ ಮಾತ್ರ ಅತ್ತಣಿಂದ ಇತ್ತ ಹರಿಯುತ್ತಲೇ ಇದ್ದಾಳೆ. ಗಡಿಯ ಎರಡು ಮಗ್ಗುಲಿನವರೂ ಕೂಡದ ಹೊರತು ಭೀಮೆಯ ದಂಡೆಯ ಮಣ್ಣಿನ ಮಾತು ಪೂರ್ತಿಯಾಗದು.

ಸಮ್ಮೇಳನದವರಿಗೂ ಒಂದು ಎಚ್ಚರಿಕೆಯ ಮಾತು. ಹಿಂದೆ ಸರಕಾರದವರು ಹಾಕಿದ ಸಮಪಾತಳಿಯ ಒಡ್ಡುಗಳನ್ನು ರೈತರೇ ಅನೇಕ ಕಡೆ ಒಡೆದರು. ಮೂಢತನದಿಂದ ಒಡೆದರೆಂದು ಆಗ ಹೇಳುತ್ತಿದ್ದರು. ಆದರೆ ಆಳವಾದ ಎರೆ ನೆಲದಲ್ಲಿ ನೀರು ನಿಂತು ಬೆಳೆ ಕೊಳೆಯುತ್ತಿತ್ತು. ಬೇಸಗೆಯಲ್ಲಿ ಒಡ್ಡು ಬಿರಿಯುತ್ತಿತ್ತು. ಒಡ್ಡಿನ ಗೆರೆ ಹೊಲದ ಗಡಿಯನ್ನು ಲೆಕ್ಕಿಸದೆ ನಡುವೆ ಹಾಯುತ್ತಿತ್ತು. ಇಂದು ಅಂಥ ನೆಲಕ್ಕೆ ಚಿಕ್ಕ ಚೌಕು ಮಡಿಗಳನ್ನೂ ನೀರು ಮೆಲ್ಲಗೆ ಹೊರಹೋಗುವ ಇಳಿಜಾರಿನ ಬದುಗಳನ್ನೂ ಪಂಡಿತರೇ ಸೂಚಿಸುತ್ತಾರೆ. ರೈತನನ್ನು ಮೊದಲೇ ಕೇಳಿದ್ದರೆ ಎಷ್ಟೋ ಖರ್ಚು ಉಳಿಯುತ್ತಿತ್ತು. 2001ರಿಂದ ಕರ್ನಾಟಕದ ಐದು ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆಯಲ್ಲಿ ಊರಿನವರ ಸಂಘಗಳನ್ನು ಕೂಡಿಸಿಕೊಂಡೇ ಕೆಲಸ ಮಾಡಿದ್ದು ಈ ಪಾಠ ಕಲಿತದ್ದರ ಗುರುತು. ಇನ್ನು ಕಲಿಯಬೇಕಾದ ಪಾಠವೆಂದರೆ ಊರಿನಲ್ಲಿಲ್ಲದ ಹಿಡುವಳಿದಾರನನ್ನೂ ಕೇಳುವುದು. ಸಭೆಯನ್ನು ಮೇ ತಿಂಗಳಲ್ಲಿ, ಜಾತ್ರೆ, ಮದುವೆಗಳಿಗೆಂದು ನಾವೆಲ್ಲ ಊರಿಗೆ ಬರುವ ಕಾಲದಲ್ಲಿ ಕರೆಯಲಿ. ಒಪ್ಪಿಗೆಯ ಕಾಗದವನ್ನು ಮುಂಬಯಿಗೆ ಅಂಚೆಯಲ್ಲಾದರೂ ಕಳಿಸಲಿ.

ಬೇಡಿಕೆ ಮಂಡಿಸಿದವರು ತಮ್ಮ ಪಾಲಿನ ಕೆಲಸವನ್ನೂ ಹೇಳಬೇಕು. ಈ ಸಲ ರಜೆಯಲ್ಲಿ ಊರಿಗೆ ಹೋದವರು ಒಂದು ಬೆಳಿಗ್ಗೆಯನ್ನು ಹೊಲಕ್ಕೆ ಕೊಡಲಿ. ಒಡ್ಡಿನ ಉದ್ದಕ್ಕೂ ನಡೆದು ನೋಡಲಿ. ಬಿಲ ಮುಚ್ಚಲಿ, ಕೋಡಿಗೆ ಕಲ್ಲು ಕೂಡಿಸಲಿ, ಒಡ್ಡಿನ ಮೇಲೆ ಬೇರು ಹಿಡಿಯುವ ಹುಲ್ಲು ಬೆಳೆಯಲು ಬಿಡಲಿ. ಕೆಳಗಿನ ಹೊಲದವನನ್ನು ಕರೆದು ನಿಮಗೆ ನಮ್ಮಿಂದ ತೊಂದರೆಯಾಗಿದೆಯೇ ಎಂದು ಕೇಳಲಿ. ಈ ಒಂದು ಪ್ರಶ್ನೆಗೆ ಎಷ್ಟೋ ಹಳೆಯ ಜಗಳ ಮುಗಿದೀತು. ಅಣ್ಣತಮ್ಮಂದಿರಲ್ಲಿ ಪಾಲು ಇತ್ಯರ್ಥವಾಗದಿದ್ದರೂ ಒಡ್ಡಿನ ಖರ್ಚನ್ನು ಹಂಚಿಕೊಳ್ಳಲು ಅದು ಅಡ್ಡಿಯಾಗಬೇಕಿಲ್ಲ. ಸಂಘದವರೂ ಒಂದೊಂದು ತಾಲೂಕಿನ ಸದಸ್ಯರನ್ನು ಒಂದು ಭಾನುವಾರ ಕೂಡಿಸಿ, ಯಾರ ಹೊಲ ಬೀಳು ಬಿದ್ದಿದೆ, ಯಾವ ಕಾರಣಕ್ಕೆ ಎಂಬ ಪಟ್ಟಿ ಮಾಡಲಿ. ಮುಂದೆ ಯಾವ ಊರಿನಲ್ಲಿ ಮಣ್ಣಿನ ಸಮ್ಮೇಳನ ನಡೆದರೂ ಆ ಪಟ್ಟಿಯನ್ನು ಹಿಡಿದು ನಮ್ಮಿಂದ ಇಬ್ಬರು ಹೋಗಲಿ.

ನಾವು ಊರು ಬಿಟ್ಟದ್ದು ಹೊಟ್ಟೆಗಾಗಿ. ಹೊಲ ನಮ್ಮನ್ನು ಬಿಟ್ಟಿಲ್ಲ. ಮುಂಗಾರು ಬರುವ ಮೊದಲು ಒಡ್ಡು ಕಟ್ಟೋಣ.