ಕಾವೇರಿದ ಕಾರಿನ ಮುನಿಸು

ಬೆಳಗಿನ ಚಳಿಯಲ್ಲಿ ಒಡನೆಯೇ ಹೊರಡುವ ಹಳೆಯ ಅಂಬಾಸಡರ್ ಕಾರು, ಮಧ್ಯಾಹ್ನದ ಬಿಸಿಲಿನಲ್ಲಿ ಓಡಿ ಬಂದು ಕಾಫಿಗೆಂದು ಹತ್ತು ನಿಮಿಷ ನಿಂತರೆ ಮತ್ತೆ ಏಳಲೊಲ್ಲದು. ಒಂದು ಗಂಟೆ ಬಿಟ್ಟು ನೋಡಿದರೆ ಏನೂ ನಡೆಯದಂತೆ ಹೊರಟುಬಿಡುತ್ತದೆ. ಕಾರ್ಬುರೇಟರ್ ಇರುವ ಹಳೆಯ ಕಾರುಗಳನ್ನು ಬಲ್ಲವರಿಗೆ ಈ ಮುನಿಸು ಹೊಸದಲ್ಲ. ಇದಕ್ಕೆ ನಮ್ಮಲ್ಲಿ ನಡೆಯುವ ಉಪಚಾರವಾದರೂ ಎಂತಹುದು? ಮೊದಲು ಹೊಸ ಬ್ಯಾಟರಿ, ಆಮೇಲೆ ಹೊಸ ಕಾಯಿಲ್, ಆಮೇಲೆ ಹೊಸ ಕಾರ್ಬುರೇಟರ್. ಕೊನೆಗೆ ಬೇಸತ್ತು ಕಾರೇ ಗುಜರಿಗೆ. ರೋಗವಾವುದೆಂದು ಕೇಳದೆ ಮದ್ದು ಕುಡಿಸುವ ಈ ಪದ್ಧತಿಯನ್ನು ನಾನು ಒಪ್ಪಲಾರೆ.

ಕಲಾ ಕಾಲೇಜಿನ ಸಂಚಿಕೆಯಲ್ಲಿ ಕಾರ್ಬುರೇಟರಿನ ಮಾತೇಕೆ ಎಂದು ಮಿತ್ರರು ಕೇಳಬಹುದು. ಒಂದೇ ಕಾರ್ಯಕ್ಕೆ ಬೇರೆ ಬೇರೆ ಕಾರಣಗಳಿರಬಹುದೆಂದು ಜಾನ್ ಸ್ಟೂಅರ್ಟ್ ಮಿಲ್ ೧೮೪೩ರ ತನ್ನ ತರ್ಕಗ್ರಂಥದಲ್ಲಿ ವಿವರಿಸಿದ್ದಾನೆ. ಆ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ದೊರೆತಿಲ್ಲ.

ಎಂಜಿನ್ ನಡೆಯುತ್ತಿರುವಾಗ ಫ್ಯಾನು ಗಾಳಿ ಬೀಸುತ್ತದೆ, ರೇಡಿಯೇಟರಿನ ನೀರು ಸುತ್ತುತ್ತದೆ, ಟ್ಯಾಂಕಿನಿಂದ ತಣ್ಣನೆಯ ಪೆಟ್ರೋಲು ಬರುತ್ತಲೇ ಇರುತ್ತದೆ. ನಿಲ್ಲಿಸಿದೊಡನೆ ಈ ಮೂರೂ ನಿಲ್ಲುತ್ತವೆ. ಕಾವು ಮಾತ್ರ ಹರಿಯುವುದನ್ನು ನಿಲ್ಲಿಸುವುದಿಲ್ಲ. ಅಂಬಾಸಡರಿನ ೧೪೮೯ ಸಿ.ಸಿ. ಎಂಜಿನ್ನಿನಲ್ಲಿ ಕಾರ್ಬುರೇಟರೂ ಹೊಗೆ ಹೊರಹೋಗುವ ಮ್ಯಾನಿಫೋಲ್ಡೂ ಒಂದೇ ಪಕ್ಕದಲ್ಲಿವೆ. ಪೆಟ್ರೋಲಿನ ಹಗುರವಾದ ಅಂಶಗಳೋ, ಸುಮಾರು ೪೦ ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯತೊಡಗುತ್ತವೆ. ಮುಂದಿನದನ್ನು ಊಹಿಸುವುದು ಕಷ್ಟವಲ್ಲ.

ಇಲ್ಲಿಂದ ರೋಗ ಎರಡಾಗಿ ಕವಲೊಡೆಯುತ್ತದೆ. ಒಂದು ಅಜೀರ್ಣ, ಇನ್ನೊಂದು ಉಪವಾಸ. ಕಾರ್ಬುರೇಟರಿನ ಫ್ಲೋಟ್ ಕೋಣೆಯಲ್ಲಿ ಪೆಟ್ರೋಲು ಕುದಿದು ಎಂಜಿನ್ನಿನೊಳಕ್ಕೆ ನುಗ್ಗಿದರೆ ಗಾಳಿಗಿಂತ ಪೆಟ್ರೋಲೇ ಹೆಚ್ಚಾಗಿ ಕಿಡಿ ಹತ್ತುವುದಿಲ್ಲ, ಇದು ಅಜೀರ್ಣ. ಪಂಪಿನಲ್ಲಿ ಅಥವಾ ಕೊಳವೆಯಲ್ಲಿ ಆವಿ ತುಂಬಿಕೊಂಡರೆ ಪಂಪು ಆವಿಯನ್ನೇ ಹಿಂಡುತ್ತದೆ, ಪೆಟ್ರೋಲು ಮೇಲೇರುವುದಿಲ್ಲ, ಇದು ಉಪವಾಸ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಕಾರು ಇನ್ನಷ್ಟು ಮುನಿಯುತ್ತದೆ.

ಪರೀಕ್ಷೆ ಸುಲಭ. ಒಂದು ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಒದ್ದೆಯಾಗಿ ಪೆಟ್ರೋಲಿನ ವಾಸನೆ ಬಂದರೆ ಅಜೀರ್ಣ, ಒಣಗಿದ್ದರೆ ಉಪವಾಸ. ಕಿಡಿಯೇ ಬರದಿದ್ದರೆ ದೋಷ ಪೆಟ್ರೋಲಿನದಲ್ಲ. ಕಾವಿಗೆ ಸೋಲುವ ಕಾಯಿಲ್ ಅಥವಾ ಕಂಡೆನ್ಸರಿನದು. ಆಗ ಅದನ್ನು ಬದಲಿಸುವುದು ನ್ಯಾಯ.

ಅಜೀರ್ಣಕ್ಕೆ ಚೋಕ್ ಎಳೆಯಲೇಬಾರದು. ಆಕ್ಸಿಲರೇಟರನ್ನು ಮೆಲ್ಲಗೆ ಕೊನೆಯವರೆಗೆ ಒತ್ತಿ, ಹಾಗೆಯೇ ಹಿಡಿದು ಸ್ಟಾರ್ಟರ್ ತಿರುಗಿಸಿದರೆ ಹೆಚ್ಚು ಗಾಳಿ ಒಳಹೊಕ್ಕು ಎಂಜಿನ್ ಏಳುತ್ತದೆ. ನಮ್ಮವರು ಆತುರಕ್ಕೆ ಅದನ್ನು ಮತ್ತೆ ಮತ್ತೆ ತುಳಿಯುವುದುಂಟು. ಅನೇಕ ಕಾರ್ಬುರೇಟರುಗಳಲ್ಲಿ ಪ್ರತಿಯೊಂದು ತುಳಿತಕ್ಕೂ ಪೆಟ್ರೋಲು ಚಿಮ್ಮುತ್ತದೆ. ಹೊಟ್ಟೆಯುಬ್ಬರಿಸಿದವನಿಗೆ ಮತ್ತೆ ಹೋಳಿಗೆ ಬಡಿಸಿದಂತೆ! ಉಪವಾಸಕ್ಕೆ ಬಾನೆಟ್ ತೆರೆದು ಪಂಪಿನ ಮೇಲೂ ಕೊಳವೆಯ ಮೇಲೂ ಒದ್ದೆ ಬಟ್ಟೆ ಹಾಕಿದರೆ ಆವಿ ಮತ್ತೆ ದ್ರವವಾಗುತ್ತದೆ. ಕಾದ ಮ್ಯಾನಿಫೋಲ್ಡಿನ ಮೇಲೆ ನೀರು ಸುರಿಯಬಾರದು, ಬೀಳು ಬಿಟ್ಟೀತು. ಬಳಿಯಲ್ಲಿ ಬೀಡಿ ಹಚ್ಚಬಾರದೆಂದು ಹೇಳಬೇಕಾಗಿಯೇ ಇಲ್ಲ.

ಶಾಶ್ವತ ಪರಿಹಾರವೆಂದರೆ ಕಾವಿನ ದಾರಿಯನ್ನು ತಡೆಯುವುದು. ಕಾರ್ಬುರೇಟರಿನ ಕೆಳಗೆ ಬೇಕಲೈಟಿನ ದಪ್ಪ ತುಂಡು, ಹೊಗೆಯ ಮ್ಯಾನಿಫೋಲ್ಡಿಗೆ ಅಡ್ಡವಾಗಿ ಒಂದು ತಗಡು, ಅದರಿಂದ ದೂರ ಸರಿಸಿದ ಪೆಟ್ರೋಲು ಕೊಳವೆ, ಸರಿಯಾದ ಫ್ಲೋಟ್ ಮಟ್ಟ, ಶುಚಿಯಾದ ರೇಡಿಯೇಟರ್. ಇವುಗಳಲ್ಲಿ ಬಹುಪಾಲು, ಹೊಸ ಕಾರ್ಬುರೇಟರಿನ ಬೆಲೆಗಿಂತ ಅಗ್ಗದ ಕೆಲಸಗಳು.

ಈಗ ಎಲ್ಲ ತಪ್ಪನ್ನೂ ಎಥನಾಲಿನ ಮೇಲೆ ಹೊರಿಸುವವರಿದ್ದಾರೆ. ಶೇಕಡ ೨೦ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ೨೦೨೩ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. ಎಥನಾಲ್ ಒಂದೇ ಇದ್ದರೆ ೭೮ ಡಿಗ್ರಿಗೆ ಕುದಿಯುತ್ತದೆ. ಪೆಟ್ರೋಲಿನಲ್ಲಿ ಬೆರೆತಾಗ ಮಾತ್ರ ಹಗುರ ಅಂಶಗಳನ್ನು ಬೇಗ ಆವಿಯಾಗಿಸಬಲ್ಲುದು, ಹಳೆಯ ರಬ್ಬರ್ ಕೊಳವೆಗಳನ್ನೂ ಕೆಡಿಸಬಲ್ಲುದು. ಆ ಕೊಳವೆಗಳನ್ನು ಬದಲಿಸುವುದು ಜಾಣತನ. ಆದರೆ ಎಥನಾಲ್ ಬರುವುದಕ್ಕೆ ದಶಕಗಳ ಮುಂಚೆಯೂ ಈ ಕಾರುಗಳು ಬಿಸಿಲಿನಲ್ಲಿ ಮುನಿಯುತ್ತಿದ್ದವು. ಕಣ್ಣೆದುರಿಗಿರುವ ಹೊಸದನ್ನು ದೂರುವುದು, ಕಾರಣ ಹುಡುಕುವುದಕ್ಕಿಂತ ಸುಲಭ, ಅಷ್ಟೆ.

ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಡರಿನ ತಯಾರಿಕೆ ೨೦೧೪ರಲ್ಲಿ ನಿಂತುಹೋಯಿತು. ಇಂದು ಗುಜರಿಗೆ ಹೋದ ಒಂದು ಕಾರಿನ ಸ್ಥಾನಕ್ಕೆ ಇನ್ನೊಂದು ಹುಟ್ಟಿ ಬರಲಾರದು. ಎಷ್ಟೋ ಸಂಸಾರಗಳಿಗೆ ಬಾಡಿಗೆಯ ಅನ್ನ ಹಾಕಿದ ಗಾಡಿ ಅದು. ಒಂದು ಪ್ಲಗ್ಗನ್ನು ಬಿಚ್ಚಿ ನೋಡುವಷ್ಟು ತಾಳ್ಮೆ ಇಲ್ಲದ್ದಕ್ಕಾಗಿ ಅದನ್ನು ಕಳೆದುಕೊಳ್ಳುವುದು ನ್ಯಾಯವೇ? ಮುನಿದ ಕಾರನ್ನು ತಳ್ಳುವ ಮೊದಲು ನಾವು ಕೇಳಬೇಕಾದ ಪ್ರಶ್ನೆ ಒಂದೇ: ಇದಕ್ಕೆ ಆಗಿರುವುದು ಅಜೀರ್ಣವೋ, ಉಪವಾಸವೋ?