ನಗಿಸುವುದು ಹಗುರ ಕೆಲಸವೆ?

ಒಂದು ಸಂಜೆ ನಮ್ಮ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ನಾಲ್ವರು ಕುಳಿತು, ಒಬ್ಬನ ಮೊಬೈಲಿನಲ್ಲಿ ಬಾಸ್ಕೆಟ್‌ಬಾಲ್ ಆಟವೊಂದರ ಹಳೆಯ ಚಿತ್ರವನ್ನು ನೋಡುತ್ತಿದ್ದೆವು. ನೀಳವಾದ ಕೈಗಳ ಆಟಗಾರನೊಬ್ಬ ರೆಫರಿಯನ್ನು ಕಾಡಿಸಿದ. ಬಕೆಟ್ಟು ಎತ್ತಿ ಪ್ರೇಕ್ಷಕರ ಮೇಲೆ ನೀರೆರಚುವವನಂತೆ ನಟಿಸಿ, ಕಾಗದದ ಚೂರುಗಳನ್ನು ಚೆಲ್ಲಿದ. ಮರುಗಳಿಗೆಯಲ್ಲಿಯೇ ಅಂಗಣದ ನಡುವಿನಿಂದ ಕೈಯನ್ನು ತಲೆಯ ಮೇಲಿಂದ ಬೀಸಿ ಚೆಂಡನ್ನು ಬುಟ್ಟಿಗೆ ಹಾಕಿದ. ನಾವೆಲ್ಲ ಹೊಟ್ಟೆ ತುಂಬ ನಕ್ಕೆವು. ನಕ್ಕು ಮುಗಿದ ಮೇಲೆ ಮಿತ್ರನೊಬ್ಬ, "ಇಷ್ಟು ಚೆನ್ನಾಗಿ ಆಡಬಲ್ಲವನು ಕೋಡಂಗಿಯಾಗಿ ಹಾಳಾದನಲ್ಲ!" ಎಂದ. ಉಳಿದವರು ಹೌದೆಂದರು. ನನಗೆ ಮಾತ್ರ ಆ ಮಾತು ಮುಳ್ಳಿನಂತೆ ನಾಟಿತು. ಏಕೆಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಆ ಆಟಗಾರನ ವಿಷಯ.

ಆತನ ಹೆಸರು ಮೆಡೋಲಾರ್ಕ್ ಲೆಮನ್. 1932ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ಪ್ರಾಂತದ ವಿಲ್ಮಿಂಗ್ಟನ್ನಿನಲ್ಲಿ, ಬಡ ಕಪ್ಪು ಮನೆತನದಲ್ಲಿ ಹುಟ್ಟಿದವನು. ಹನ್ನೊಂದು ವರ್ಷದವನಾಗಿದ್ದಾಗ ಚಿತ್ರಮಂದಿರವೊಂದರಲ್ಲಿ ತೋರಿಸಿದ ವಾರ್ತಾಚಿತ್ರದಲ್ಲಿ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಎಂಬ ಕಪ್ಪು ಆಟಗಾರರ ತಂಡವನ್ನು ಕಂಡ. ಮನೆಗೆ ಓಡಿದವನೇ ಬಟ್ಟೆ ತೂಗುಹಾಕುವ ತಂತಿಗೆ ಈರುಳ್ಳಿ ಚೀಲವನ್ನು ಸಿಕ್ಕಿಸಿ ಬುಟ್ಟಿ ಮಾಡಿಕೊಂಡ. ಚೆಂಡಿಗೆ ಕಾಸಿಲ್ಲ, ಹಾಲಿನ ಖಾಲಿ ಡಬ್ಬಿಯೇ ಚೆಂಡಾಯಿತು. ಹನ್ನೊಂದು ವರ್ಷಗಳ ತರುವಾಯ, 1954ರಲ್ಲಿ, ಅದೇ ತಂಡಕ್ಕೆ ಆಟಗಾರನಾಗಿ ಸೇರಿದ. 1978ರವರೆಗೆ ಅದರಲ್ಲಿದ್ದು, ದೇಶದೇಶಗಳನ್ನು ಸುತ್ತಿ, 'ಬಾಸ್ಕೆಟ್‌ಬಾಲಿನ ವಿದೂಷಕ ರಾಜಕುಮಾರ'ನೆಂದು ಹೆಸರಾದ. ಮುಂದೆ ಚಲನಚಿತ್ರದಲ್ಲಿಯೂ ದೂರದರ್ಶನದಲ್ಲಿಯೂ ಕಾಣಿಸಿಕೊಂಡ. ಸ್ವಂತ ತಂಡಗಳನ್ನು ಕಟ್ಟಿದ. ಕ್ರೈಸ್ತ ಧರ್ಮೋಪದೇಶಕನೂ ಆದ. 2015ರಲ್ಲಿ ತೀರಿಕೊಂಡ.

ಇಂಥವನು 'ಹಾಳಾದ'ನೆ? ಮಿತ್ರನ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಒಂದು ಬಲವಾದ ಆಕ್ಷೇಪಣೆಯಿದೆ, ಮತ್ತು ಅದನ್ನು ಎತ್ತಿದವರಲ್ಲಿ ಕಪ್ಪು ಜನರೇ ಅನೇಕರು. ಬಿಳಿಯ ಪ್ರೇಕ್ಷಕರ ಮುಂದೆ ಕಪ್ಪು ಮನುಷ್ಯನೊಬ್ಬ ಹಲ್ಲು ಕಿರಿದು ಕುಣಿದರೆ, ಕಪ್ಪು ಜನರೆಂದರೆ ನಗೆಪಾಟಲಿನವರು ಎಂಬ ಹಳೆಯ ತಿರಸ್ಕಾರಕ್ಕೆ ನೀರೆರೆದಂತಾಗಲಿಲ್ಲವೆ ಎಂದು ಅವರು ಕೇಳಿದರು. ದಕ್ಷಿಣದ ಊರುಗಳಲ್ಲಿ ಸಂಜೆ ಇವರ ಆಟಕ್ಕೆ ಚಪ್ಪಾಳೆ ತಟ್ಟಿದ ಜನ ರಾತ್ರಿ ಇವರಿಗೆ ಹೋಟೆಲಿನಲ್ಲಿ ಕೋಣೆ ಕೊಡುತ್ತಿರಲಿಲ್ಲ. ಬಿಲ್ ರಸೆಲ್ ಎಂಬ ಮಹಾ ಆಟಗಾರ 1956ರಲ್ಲಿ ಈ ತಂಡದಿಂದ ಬಂದ ಕರೆಯನ್ನು ತಿರಸ್ಕರಿಸಿ, ಬಾಸ್ಟನ್ ಸೆಲ್ಟಿಕ್ಸ್ ಸೇರಿ, ಹದಿಮೂರು ವರ್ಷಗಳಲ್ಲಿ ಹನ್ನೊಂದು ಸಲ ಲೀಗನ್ನು ಗೆದ್ದುಕೊಟ್ಟ. ರಸೆಲ್ಲನ ಆತ್ಮಗೌರವಕ್ಕೆ ಯಾರಾದರೂ ತಲೆಬಾಗಲೇಬೇಕು.

ಆದರೂ ನನ್ನ ಅಭಿಪ್ರಾಯ ಬೇರೆ. ಅದಕ್ಕೆ ಕಾರಣಗಳನ್ನು ಹೇಳುತ್ತೇನೆ.

ಮೊದಲನೆಯದಾಗಿ, ಈ ನಗೆಯ ಕೆಳಗೆ ಆಟದ ಭದ್ರವಾದ ತಳಹದಿಯಿತ್ತು. ಲೆಮನ್ ಸೇರುವುದಕ್ಕೆ ಮುಂಚೆ, 1948ರಲ್ಲಿ, ಇದೇ ತಂಡ ಷಿಕಾಗೋ ನಗರದಲ್ಲಿ ಮಿನಿಯಾಪೊಲಿಸ್ ಲೇಕರ್ಸ್ ಎಂಬ ಪ್ರಬಲ ಬಿಳಿಯ ತಂಡವನ್ನು 61-59ರಿಂದ ಸೋಲಿಸಿತು. ಮರುವರ್ಷ ಮತ್ತೆ ಸೋಲಿಸಿತು. ಕಪ್ಪು ಆಟಗಾರರಿಗೆ ಎನ್.ಬಿ.ಎ. ಲೀಗಿನ ಬಾಗಿಲು ತೆರೆದದ್ದು 1950ರಲ್ಲಿ. ಆಗ ಒಳಹೊಕ್ಕ ಮೊದಲಿಗರಲ್ಲಿ ಒಬ್ಬನಾದ ನ್ಯಾಟ್ ಕ್ಲಿಫ್ಟನ್ ಈ ತಂಡದಿಂದಲೇ ಹೋದವನು. ನಕ್ಕು ನಗಿಸುತ್ತಲೇ ಇವರು ಬಾಗಿಲು ತಟ್ಟಿದರು ಎನ್ನದೆ ವಿಧಿಯಿಲ್ಲ. ಮುಂದೆ ಒಂದೇ ಪಂದ್ಯದಲ್ಲಿ ನೂರು ಅಂಕ ಗಳಿಸಿದ ವಿಲ್ಟ್ ಚೇಂಬರ್ಲೇನ್ 1958-59ರಲ್ಲಿ ಇದೇ ತಂಡದಲ್ಲಿ ಲೆಮನ್ನನ ಜೊತೆಗೆ ಆಡಿದ್ದ. ತಾನು ಕಂಡ ಆಟಗಾರರಲ್ಲೆಲ್ಲ ಅತ್ಯದ್ಭುತನಾದವನು ಲೆಮನ್ ಎಂದು ಆತ ಕೊನೆಗಾಲದಲ್ಲಿ ಹೇಳಿದ.

ಎರಡನೆಯದಾಗಿ, ಗೆಲುವು ಮೊದಲೇ ಗೊತ್ತಾಗಿದ್ದ ಆಟ ಸುಳ್ಳು ಆಟವಲ್ಲವೆ ಎನ್ನುತ್ತಾರೆ. 1971ರ ಜನವರಿ 5ರಂದು ಟೆನೆಸೀ ಪ್ರಾಂತದ ಮಾರ್ಟಿನ್ ಎಂಬ ಊರಿನಲ್ಲಿ ನಡೆದದ್ದನ್ನು ಅವರು ನೆನೆಯಬೇಕು. ನಗಿಸುವ ಭರದಲ್ಲಿ ಗ್ಲೋಬ್‌ಟ್ರಾಟರ್ಸ್ ಅಂಕಗಳ ಲೆಕ್ಕ ಮರೆತರು. ಯಾವಾಗಲೂ ಸೋಲುತ್ತಿದ್ದ ಎದುರಾಳಿ ತಂಡ ಒಂದಂಕ ಮುಂದಾಯಿತು. ಕೊನೆಯ ಗಳಿಗೆಯಲ್ಲಿ ಚೆಂಡು ಲೆಮನ್ನನ ಕೈಯಲ್ಲಿತ್ತು; ಎಸೆದ, ಅದು ಬುಟ್ಟಿಗೆ ಬೀಳಲಿಲ್ಲ. 100-99. ನೋಡಲು ಬಂದಿದ್ದ ಮಕ್ಕಳು ಅತ್ತವಂತೆ. ಅಂದಮೇಲೆ, ಪ್ರತಿರಾತ್ರಿಯೂ ಆ ಚೆಂಡನ್ನು ನಿಜವಾಗಿಯೇ ಬುಟ್ಟಿಗೆ ಹಾಕಬೇಕಾಗಿತ್ತು. ತಮಾಷೆಯಿಂದ ಚೆಂಡು ಒಳಕ್ಕೆ ಬೀಳುವುದಿಲ್ಲ.

ಮೂರನೆಯದು ಮುಖ್ಯವಾದದ್ದು. ನಗಿಸುವವನು ಬೇರೆ, ನಗೆಗೀಡಾದವನು ಬೇರೆ. ಲೆಮನ್ನನ ಆಟದಲ್ಲಿ ಪೇಚಿಗೆ ಸಿಕ್ಕಿದವರು ಯಾರು? ಶಿಳ್ಳೆ ಹಿಡಿದ ರೆಫರಿ, ಚೆಂಡಿನ ಹಿಂದೆ ಅಲೆಯುವ ಎದುರಾಳಿ, ನೀರೆಂದು ಹೆದರಿ ಎದ್ದು ಓಡುವ ಪ್ರೇಕ್ಷಕ. ಚೆಂಡು ಮಾತ್ರ ಅವನ ಕೈಯಲ್ಲಿಯೇ ಇತ್ತು. ನಕ್ಕು ಮನೆಗೆ ಹೋಗಿ ಬಾಗಿಲು ಹಾಕಿಕೊಂಡವರ ಸಣ್ಣತನಕ್ಕೆ ನಗಿಸಿದವನನ್ನು ಹೊಣೆ ಮಾಡುವುದು ನ್ಯಾಯವಲ್ಲ. ರಸೆಲ್ ಒಲ್ಲೆನೆಂದು ಮಾನ ಕಾಪಾಡಿಕೊಂಡ. ಲೆಮನ್ ಒಪ್ಪಿಕೊಂಡ ಕೆಲಸವನ್ನು ಮತ್ತಾರೂ ಮಾಡಲಾರದಷ್ಟು ಚೆನ್ನಾಗಿ ಮಾಡಿ ಮಾನ ಗಳಿಸಿದ. 2003ರಲ್ಲಿ ಬಾಸ್ಕೆಟ್‌ಬಾಲಿನ ಕೀರ್ತಿಮಂದಿರದಲ್ಲಿ ಅವನ ಹೆಸರನ್ನು ಸೇರಿಸಿದರು. ರಸೆಲ್ಲನ ಹೆಸರೂ ಅಲ್ಲಿಯೇ ಇದೆ.

ಈಗ ನನ್ನ ಮಾತು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಮ್ಮ ತಂದೆಯವರು ಹಗಲು ಕೂಲಿ ಮಾಡುವವರು. ಊರ ಜಾತ್ರೆಯ ಬಯಲಾಟದಲ್ಲಿ ಇಪ್ಪತ್ತು ವರ್ಷದಿಂದ ಕೋಡಂಗಿ ವೇಷ ಅವರದೇ. ರಾಜನ ವೇಷದವರು ಮಾತು ಮರೆತರೆ, ತಮಾಷೆ ಮಾಡುತ್ತಲೇ ಅದನ್ನು ಅವರ ಬಾಯಿಗೆ ಇಡುವವರು ನಮ್ಮಪ್ಪ. ಅವರಿಗೆ ಅಕ್ಷರ ಬಾರದು. ಆದರೆ ಪ್ರಸಂಗದ ಎಲ್ಲರ ಮಾತೂ ಅವರಿಗೆ ಬಾಯಿಪಾಠ. ನಾನು ಬಿ.ಎ. ಮೊದಲ ವರ್ಷದಲ್ಲಿದ್ದಾಗ ಇಬ್ಬರು ಸಹಪಾಠಿಗಳು ಆಟ ನೋಡಲು ನಮ್ಮೂರಿಗೆ ಬಂದಿದ್ದರು. ಕೋಡಂಗಿಯನ್ನು ಕಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕು, "ಯಾರಯ್ಯಾ ಈತ?" ಎಂದು ಕೇಳಿದರು. "ಯಾರೋ ಊರವರು" ಎಂದೆ. ಬೆಳಗಿನ ಜಾವ ಬಣ್ಣ ಒರೆಸಿಕೊಳ್ಳುತ್ತಾ ಅಪ್ಪ, "ನಿನ್ನ ಸ್ನೇಹಿತರಿಗೆ ಆಟ ಹಿಡಿಸಿತೇನಪ್ಪಾ?" ಎಂದರು. ನಾನು ಹೂಂ ಎಂದೆ, ಅಷ್ಟೆ.

ಹಾಲಿನ ಡಬ್ಬಿಯನ್ನು ಈರುಳ್ಳಿ ಚೀಲಕ್ಕೆ ಎಸೆಯುತ್ತಿದ್ದ ಹುಡುಗನ ಚರಿತ್ರೆಯನ್ನು ಓದಿದ ಮೇಲೆ ಆ ರಾತ್ರಿಯ ನನ್ನ ಉತ್ತರ ನನ್ನನ್ನು ಬಿಟ್ಟಿಲ್ಲ. ಹಾಗೆ ಕೇಳಿದ ಸಹಪಾಠಿಗಳಿಬ್ಬರೂ ಈ ಸಂಚಿಕೆಯನ್ನು ಓದುವವರೇ. ಅವರಿಗೆ ಇಲ್ಲಿ ಉತ್ತರ ತಿದ್ದಿ ಹೇಳುತ್ತೇನೆ: ಆತ ನಮ್ಮ ತಂದೆ. ಬರುವ ಜಾತ್ರೆಗೂ ಅವರೇ ವೇಷ ಕಟ್ಟುತ್ತಾರೆ. ದಯವಿಟ್ಟು ಬನ್ನಿ, ಈ ಸಲ ಪರಿಚಯ ಮಾಡಿಕೊಡುತ್ತೇನೆ.